ಮೈನೆರೆದಂದಿನಿಂದ ಮುಟ್ಟು ನಿಂತ ಮೇಲಿನವರೆಗೆ: ಹಾರ್ಮೋನುಗಳ ಕುರಿತು ಓದುಗರ ಪ್ರಶ್ನೆಗಳು

ಹಾರ್ಮೋನುಗಳಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು, ಬರೆದವರ ವಯಸ್ಸಿನ ಕ್ರಮದಲ್ಲಲ್ಲ, ಸಮಸ್ಯೆ ಕಾಣಿಸಿಕೊಂಡ ವಯಸ್ಸಿನ ಕ್ರಮದಲ್ಲಿ ಉತ್ತರಿಸಿದ್ದೇನೆ. ನಿಮ್ಮದಲ್ಲದ ವಯಸ್ಸಿನ ಪ್ರಶ್ನೆಯನ್ನೂ ದಯವಿಟ್ಟು ಓದಿ. ಹದಿನೈದರಲ್ಲಿ, ಬಸಿರಿನಲ್ಲಿ, ನಲವತ್ತರಲ್ಲಿ ನಡೆದದ್ದು ಮುಂದೆ ಬರಬಹುದಾದ ಕಾಯಿಲೆಗಳ ಸುಳಿವು ಕೊಡುತ್ತದೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲ. ಹೆರಿಗೆಯ ಫೈಲನ್ನು ಹೆರಿಗೆಯಾದ ಕೂಡಲೇ ಅಟ್ಟಕ್ಕೆ ಹಾಕಿಬಿಡುತ್ತೇವೆ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಹೋದ ವರ್ಷ ದೊಡ್ಡವಳಾದಳು. ಒಮ್ಮೆ ತಿಂಗಳಿಗೆ, ಒಮ್ಮೆ ನಲವತ್ತು ದಿನಕ್ಕೆ ಮುಟ್ಟಾಗುತ್ತಾಳೆ. ಆದಾಗ ಒಂಬತ್ತು ಹತ್ತು ದಿನ ಹೋಗುತ್ತದೆ, ಶಾಲೆಯಲ್ಲಿ ಬಟ್ಟೆ ಕಲೆಯಾಗುವಷ್ಟು. ಎಲ್ಲ ಹುಡುಗಿಯರಿಗೂ ಮೊದಮೊದಲು ಹೀಗೇ ಎಂದು ಅತ್ತೆಯವರು ಹೇಳುತ್ತಾರೆ. ಇನ್ನು ಅವಳು ಎತ್ತರ ಬೆಳೆಯುವುದಿಲ್ಲವೇ ಎಂಬ ಚಿಂತೆಯೂ ಇದೆ.
– ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸರಿಯಿದೆ. ಮಿದುಳಿನ ಹೈಪೋಥಲಾಮಸ್ ಮತ್ತು ಪಿಟ್ಯೂಟರಿ ಗ್ರಂಥಿಗಳು ಅಂಡಾಶಯಕ್ಕೆ ಸಂದೇಶ ಕಳುಹಿಸುವ ಕ್ರಮ ಹದಕ್ಕೆ ಬರಲು ಮೊದಲ ಮುಟ್ಟಿನ ನಂತರ ಎರಡು ಮೂರು ವರ್ಷ ಹಿಡಿಯುತ್ತದೆ. ಈ ಅವಧಿಯಲ್ಲಿ ಅನೇಕ ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಅಂಡ ಬಿಡುಗಡೆಯಾದ ಮೇಲಷ್ಟೇ ಪ್ರೊಜೆಸ್ಟರಾನ್ ಹಾರ್ಮೋನು ಸಾಕಷ್ಟು ಬರುವುದು; ಅದು ಬಾರದಿದ್ದರೆ ಈಸ್ಟ್ರೋಜನ್ ಒಂದೇ ಗರ್ಭಕೋಶದ ಒಳಪದರವನ್ನು ದಪ್ಪಗೆ ಬೆಳೆಸುತ್ತಾ ಹೋಗುತ್ತದೆ, ಆ ಪದರ ಕೊನೆಗೆ ಹೇಗೆಂದರೆ ಹಾಗೆ ಕಳಚಿಕೊಳ್ಳುತ್ತದೆ. ಆದ್ದರಿಂದ ಈ ವಯಸ್ಸಿನಲ್ಲಿ 21ರಿಂದ 45 ದಿನಗಳ ಅಂತರವನ್ನು ಸಹಜವೆಂದೇ ಪರಿಗಣಿಸುತ್ತೇವೆ. ಅಂತರವನ್ನು ಸರಿಪಡಿಸಲೆಂದು ಮಾತ್ರೆ ಕೊಡಿಸುವ ಅಗತ್ಯವಿಲ್ಲ.

ಒಂಬತ್ತು ಹತ್ತು ದಿನ ಹೋಗುವುದು ಮಾತ್ರ ಸಹಜವಲ್ಲ. ಏಳು ದಿನ ಮೀರಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ನೆನೆದು ಬದಲಾಯಿಸಬೇಕಾಗಿ ಬಂದರೆ, ಎರಡು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬೀಳುತ್ತಿದ್ದರೆ ಅದು ಅತಿಸ್ರಾವ. ಮುಂದಿನ ಬಾರಿ ದಿನಕ್ಕೆ ಎಷ್ಟು ಪ್ಯಾಡ್ ಬೇಕಾದವು ಎಂಬುದನ್ನು ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲೇ ಬರೆದಿಡಲು ಮಗಳಿಗೆ ಹೇಳಿ, ಆ ಹಾಳೆಯೊಂದಿಗೆ ವೈದ್ಯರನ್ನು ಕಾಣಿರಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಆಗಬೇಕು. ಮೊದಲ ಮುಟ್ಟಿನಿಂದಲೇ ಹೀಗೆ ಹೋಗುತ್ತಿದ್ದರೆ, ಹಲ್ಲು ಕಿತ್ತಾಗ ಅಥವಾ ಗಾಯವಾದಾಗ ರಕ್ತ ಬೇಗ ನಿಲ್ಲದ ಅನುಭವ ಮನೆಯಲ್ಲಿ ಯಾರಿಗಾದರೂ ಇದ್ದರೆ, ರಕ್ತ ಹೆಪ್ಪುಗಟ್ಟುವಿಕೆಯ ದೋಷವನ್ನೂ ಪರೀಕ್ಷಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಊಟದ ಕೊರತೆಯ ಮಾತನ್ನು ಎಲ್ಲರೂ ಆಡುತ್ತಾರೆ, ತಿಂಗಳು ತಿಂಗಳು ಸೋರಿಹೋಗುವ ರಕ್ತದ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಎತ್ತರದ ವಿಷಯ: ಮೂಳೆಯ ತುದಿಯ ಬೆಳವಣಿಗೆಯ ಪದರವನ್ನು ಮುಚ್ಚುವುದೂ ಈಸ್ಟ್ರೋಜನ್ ಹಾರ್ಮೋನೇ. ಹಾಗಾಗಿ ಹುಡುಗಿಯರು ವೇಗವಾಗಿ ಬೆಳೆಯುವುದು ಮೈನೆರೆಯುವ ಮೊದಲೇ. ಆನಂತರ ಸಾಮಾನ್ಯವಾಗಿ ಇನ್ನೂ 5ರಿಂದ 7 ಸೆಂ.ಮೀ. ಬೆಳೆಯುತ್ತಾರೆ. ಎತ್ತರ ನಿಂತರೂ ಮೂಳೆ ಗಟ್ಟಿಯಾಗುವ ಕೆಲಸ ಮೂವತ್ತರ ಹತ್ತಿರದವರೆಗೆ ನಡೆದಿರುತ್ತದೆ, ಅದರಲ್ಲಿ ಬಹುಪಾಲು ಹದಿಹರೆಯದಲ್ಲೇ ಮುಗಿಯುತ್ತದೆ. ಮಗಳು ಮುಟ್ಟಾಗಿದ್ದಾಳೆಂದು ಆಟ ಬಿಡಿಸಬೇಡಿ. ಹಾಲು, ಮೊಸರು, ರಾಗಿ ಅವಳ ತಟ್ಟೆಯಲ್ಲಿ ದಿನವೂ ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಈ ವಿಷಯದಲ್ಲಿ ನಿಮ್ಮ ಊರಿನ ಮುದ್ದೆಗೆ ಸಾಟಿಯಾದ ಧಾನ್ಯ ಬೇರೆ ಇಲ್ಲ.

ಪ್ರಶ್ನೆ: ನನಗೆ 26 ವರ್ಷ, ತೂಕ 74 ಕೆ.ಜಿ. ಎರಡು ತಿಂಗಳಿಗೊಮ್ಮೆ ಮುಟ್ಟಾಗುತ್ತೇನೆ. ಗದ್ದದ ಮೇಲೆ ಒರಟು ಕೂದಲು ಬರುತ್ತಿದೆ, ಕುತ್ತಿಗೆಯ ಹಿಂಭಾಗ ಕಪ್ಪಾಗಿದೆ. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ಗುಳ್ಳೆಗಳಿವೆ ಎಂದು ಬಂದಿದೆ. ಮದುವೆಯಾಗಿ ಮಗುವಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಮನೆಯವರು. ಗುಳ್ಳೆ ತೆಗೆಸಬೇಕೇ?
– ಓದುಗರು, ಬೆಂಗಳೂರು

ಉತ್ತರ: ತೆಗೆಸಬೇಡಿ. ಅವು ಗೆಡ್ಡೆಗಳೂ ಅಲ್ಲ, ಹುಣ್ಣುಗಳೂ ಅಲ್ಲ. ಪೂರ್ತಿ ಬೆಳೆಯದೆ ನಡುವೆಯೇ ನಿಂತುಹೋದ ಅಂಡಕೋಶಗಳು ಸ್ಕ್ಯಾನಿಂಗ್‌ನಲ್ಲಿ ಸಾಲಾಗಿ ಹಾಗೆ ಕಾಣುತ್ತವೆ. ಈ ತೊಂದರೆಯ ಹೆಸರು ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್). ಹಾಗೆಂದು ಹೇಳಲು ಅನಿಯಮಿತ ಮುಟ್ಟು, ಪುರುಷ ಹಾರ್ಮೋನಿನ ಹೆಚ್ಚಳದ ಲಕ್ಷಣ, ಸ್ಕ್ಯಾನಿಂಗ್‌ನ ಈ ಚಿತ್ರ ಎಂಬ ಮೂರರಲ್ಲಿ ಎರಡಿದ್ದರೆ ಸಾಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಉತ್ಪತ್ತಿಯ ಹಾರ್ಮೋನು) ಮುಂತಾದ ಬೇರೆ ಕಾರಣಗಳಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಸ್ಕ್ಯಾನಿಂಗ್ ವರದಿಯೊಂದನ್ನೇ ನೋಡಿ ಹದಿನಾರರ ಹುಡುಗಿಯರಿಗೂ ಈ ಹಣೆಪಟ್ಟಿ ಕಟ್ಟುವುದನ್ನು ಈಚೆಗೆ ತುಂಬ ಕಾಣುತ್ತಿದ್ದೇನೆ, ಅದು ತಪ್ಪು. ನಿಮ್ಮ ವಿಷಯದಲ್ಲಿ ಮೂರೂ ಇವೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು ಕುತ್ತಿಗೆಯ ಕಪ್ಪು. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ, ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿದೆ ಎಂಬುದರ ಗುರುತು. ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಪುರುಷ ಹಾರ್ಮೋನು ಹೆಚ್ಚಿಸುತ್ತದೆ, ಅದರಿಂದ ಗದ್ದದ ಕೂದಲು, ನಿಂತ ಅಂಡ, ತಪ್ಪಿದ ಮುಟ್ಟು. ಮದುವೆಗೂ ಇದಕ್ಕೂ ಸಂಬಂಧವಿಲ್ಲ. ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ, ಕೊಲೆಸ್ಟರಾಲ್, ರಕ್ತದೊತ್ತಡ ಇವನ್ನು ಈಗಲೇ ನೋಡಿಸಿಕೊಳ್ಳಿ. ತೂಕದಲ್ಲಿ ಶೇ. 5ರಿಂದ 10ರಷ್ಟು, ಅಂದರೆ ನಿಮಗೆ ನಾಲ್ಕರಿಂದ ಏಳು ಕೆ.ಜಿ. ಇಳಿದರೂ ಅನೇಕರಲ್ಲಿ ಮುಟ್ಟು ತಾನಾಗಿ ಕ್ರಮಕ್ಕೆ ಬರುತ್ತದೆ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಸುಮ್ಮನೆ ಕಾಯಬೇಡಿ. ಒಳಪದರ ವರ್ಷಗಟ್ಟಲೆ ಕಳಚದೆ ದಪ್ಪವಾಗುತ್ತಾ ಹೋದರೆ ಮುಂದೆ ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಅದು ದಾರಿಯಾಗಬಹುದು. ಅದನ್ನು ತಡೆಯಲು ವೈದ್ಯರು ಪ್ರೊಜೆಸ್ಟರಾನ್ ಮಾತ್ರೆಯನ್ನೋ ಈಸ್ಟ್ರೋಜನ್ ಕೂಡ ಸೇರಿರುವ ಸಂಯುಕ್ತ ಗುಳಿಗೆಯನ್ನೋ ಬರೆದುಕೊಡುತ್ತಾರೆ.

ಪ್ರಶ್ನೆ: ನನಗೆ 31. ಹೆರಿಗೆಯಾಗಿ ನಾಲ್ಕು ತಿಂಗಳು. ಬಸಿರಿನಲ್ಲಿ ಶುಗರ್ ಬಂದು ಇನ್ಸುಲಿನ್ ತೆಗೆದುಕೊಂಡಿದ್ದೆ, ಹೆರಿಗೆಯಾದ ಮರುದಿನವೇ ಸಕ್ಕರೆ ಸರಿಯಾಯಿತೆಂದು ನಿಲ್ಲಿಸಿದರು. ಈಗ ಬಾಚಿದರೆ ಕೈತುಂಬ ಕೂದಲು ಬರುತ್ತದೆ, ವಿಪರೀತ ಸುಸ್ತು. ಬಾಣಂತನದಲ್ಲಿ ನೀರು ಹೆಚ್ಚು ಕುಡಿದೆ, ಥಂಡಿ ಪದಾರ್ಥ ತಿಂದೆ, ಅದಕ್ಕೇ ಹೀಗೆ ಎಂದು ಅಮ್ಮ ಬೈಯುತ್ತಾರೆ.
– ಓದುಗರು, ದಾವಣಗೆರೆ

ಉತ್ತರ: ಬಸಿರಿನಲ್ಲಿ ಏರಿದ ಈಸ್ಟ್ರೋಜನ್ ಉದುರಬೇಕಾದ ಕೂದಲನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಮಾಸು ಹೊರಬಿದ್ದ ಕೆಲವೇ ದಿನಗಳಲ್ಲಿ ಆ ಹಾರ್ಮೋನು ಪಾತಾಳಕ್ಕಿಳಿಯುತ್ತದೆ, ಉಳಿದಿದ್ದ ಕೂದಲೆಲ್ಲ ಮೂರು ನಾಲ್ಕು ತಿಂಗಳಿಗೆ ಒಟ್ಟಿಗೆ ಉದುರುತ್ತದೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಮತ್ತೆ ಬರುತ್ತದೆ. ನೀರು ಕುಡಿದದ್ದರಿಂದ ಕೂದಲು ಉದುರುವುದಿಲ್ಲ. ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು. ತಾಯಿಯವರು ಮಾಡಿಕೊಟ್ಟ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನ ಉಂಡೆಯನ್ನು ಸಂತೋಷದಿಂದ ತಿನ್ನಿ, ಜೊತೆಗೆ ಹಣ್ಣು ತರಕಾರಿಯನ್ನೂ ಬಿಡದೆ ತಿನ್ನಿ.

ಸುಸ್ತನ್ನು ನಿದ್ದೆಗೆಟ್ಟದ್ದರಿಂದ ಎಂದು ತಳ್ಳಿಹಾಕದೆ ಟಿ.ಎಸ್.ಎಚ್. (ಥೈರಾಯ್ಡಿನ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿ ಉರಿಯೂತಕ್ಕೆ ಒಳಗಾಗಿ, ಮೊದಲು ಹೆಚ್ಚು ಹಾರ್ಮೋನು ಸುರಿದು ಆಮೇಲೆ ಸೋತು ಕೂರುತ್ತದೆ. ಥೈರಾಯ್ಡ್ ಮಾತ್ರೆ ಬೇಕಾಗಿ ಬಂದರೆ ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಹೆರಿಗೆಯ ನಂತರ ಕೊಟ್ಟಿರುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಇರಬೇಕು. ಮೂರನ್ನೂ ಒಟ್ಟಿಗೆ ನುಂಗಿ, ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಪ್ರಮಾಣ ಹೆಚ್ಚಿಸಿಕೊಂಡವರು ಬಹಳ ಮಂದಿ ಇದ್ದಾರೆ.

ಇನ್ನು ನೀವು ಕೇಳದೇ ಬಿಟ್ಟ, ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಬಸಿರಿನಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಮಗುವಿಗೆ ಸಾಕಷ್ಟು ಗ್ಲೂಕೋಸ್ ಸಿಗಲೆಂದು ತಾಯಿಯಲ್ಲಿ ಇನ್ಸುಲಿನ್ನಿನ ಪರಿಣಾಮವನ್ನು ತಗ್ಗಿಸುತ್ತವೆ. ಆ ಒತ್ತಡವನ್ನು ನಿಮ್ಮ ಮೇದೋಜೀರಕ ಗ್ರಂಥಿ ತಾಳಿಕೊಳ್ಳಲಿಲ್ಲ. ಮಾಸು ಹೋದೊಡನೆ ಸಕ್ಕರೆ ಇಳಿಯಿತು, ಆದರೆ ಗ್ರಂಥಿಯ ಆ ದುರ್ಬಲತೆ ನಿಮ್ಮಲ್ಲೇ ಉಳಿದಿದೆ. ಹೀಗಾದ ಮಹಿಳೆಯರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಹೆರಿಗೆಯಾದ ಆರು ವಾರಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡಬೇಕಾಗಿದ್ದ ಪರೀಕ್ಷೆಯನ್ನು ನಿಮಗೆ ಮಾಡಿದಂತೆ ಕಾಣುವುದಿಲ್ಲ. ಈ ವಾರವೇ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಮಗುವಿನ ಹುಟ್ಟುಹಬ್ಬದ ತಿಂಗಳನ್ನೇ ಅದಕ್ಕೆ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಎದೆಹಾಲು ಕೊಡುತ್ತಿದ್ದರೆ ಮುಂದುವರಿಸಿ, ಅದು ನಿಮ್ಮ ಮಧುಮೇಹದ ಅಪಾಯವನ್ನೂ ತಗ್ಗಿಸುತ್ತದೆ. ಇನ್ನೊಂದು ಮಗು ಬೇಕೆನಿಸಿದಾಗ, ಬಸಿರಾಗುವ ಮೊದಲೇ ಸಕ್ಕರೆ ನೋಡಿಸಿಕೊಳ್ಳಿ.

ಪ್ರಶ್ನೆ: ನನಗೆ 38 ವರ್ಷ. ಇಬ್ಬರು ಮಕ್ಕಳು, ಆಪರೇಷನ್ ಆಗಿದೆ. ಎರಡು ವರ್ಷದಿಂದ ಮುಟ್ಟಿನಲ್ಲಿ ಬಹಳ ಹೋಗುತ್ತದೆ, ಹಿಮೋಗ್ಲೋಬಿನ್ 8.2 ಇದೆ. ಸಣ್ಣ ಗಡ್ಡೆಯೊಂದಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂತು. ಗರ್ಭಚೀಲ ತೆಗೆಸಿಬಿಡಿ, ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮುಂದೆ ಕ್ಯಾನ್ಸರ್ ಭಯವಿರುವುದಿಲ್ಲ ಎಂದು ಹೇಳಿದ್ದಾರೆ. ನಮ್ಮ ಓಣಿಯಲ್ಲಿ ನಾಲ್ಕೈದು ಮಂದಿ ತೆಗೆಸಿದ್ದಾರೆ. ಏನು ಮಾಡಲಿ?
– ಓದುಗರು, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮ ಪತ್ರಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಇಲ್ಲಿ ಒಮ್ಮೆ ಮಾಡಿದ್ದನ್ನು ಮತ್ತೆ ಹಿಂದಕ್ಕೆ ತರಲು ಸಾಧ್ಯವಿಲ್ಲ.

ಮೊದಲಿಗೆ, ಗರ್ಭಕೋಶವೂ ಅಂಡಾಶಯವೂ ಬೇರೆ ಬೇರೆ ಅಂಗಗಳು. ಮುಟ್ಟು ಬರುವುದು ಗರ್ಭಕೋಶದಿಂದ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹುಟ್ಟುವುದು ಅಂಡಾಶಯದಲ್ಲಿ. ನಿಮಗೆ ಆಗಿರುವ ಸಂತಾನಶಕ್ತಿಹರಣದಲ್ಲಿ ಅಂಡ ಸಾಗುವ ನಾಳಗಳನ್ನಷ್ಟೇ ಕತ್ತರಿಸಿ ಕಟ್ಟಿರುತ್ತಾರೆ, ಹಾರ್ಮೋನುಗಳಿಗೆ ಅದರಿಂದ ಏನೂ ಆಗಿಲ್ಲ. ಆದರೆ 38ರಲ್ಲಿ ಎರಡೂ ಅಂಡಾಶಯಗಳನ್ನು ತೆಗೆದರೆ, ಸಹಜವಾಗಿ ಹತ್ತು ವರ್ಷಗಳಲ್ಲಿ ನಿಧಾನವಾಗಿ ಇಳಿಯಬೇಕಾದ ಈಸ್ಟ್ರೋಜನ್ ಒಂದೆರಡು ದಿನಗಳಲ್ಲಿ ಇಳಿದುಬಿಡುತ್ತದೆ. ಮೈ ಬಿಸಿಯಾಗುವುದು, ಬೆವರು, ನಿದ್ದೆ ಬಾರದಿರುವುದು ತಕ್ಷಣ ಕಾಣುತ್ತವೆ. ಕಾಣದೆ ನಡೆಯುವುದೇ ಹೆಚ್ಚು ಕೆಟ್ಟದ್ದು: ಮೂಳೆ ಬೇಗ ಸವೆಯುತ್ತದೆ, ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಹೊಲದಲ್ಲಿ ಬಗ್ಗಿ ದುಡಿಯುವ ಹೆಣ್ಣುಮಗಳು ಐವತ್ತಕ್ಕೇ ಬೆನ್ನುಮೂಳೆ ಕುಸಿದು ಕುಳಿತಾಗ, ಹನ್ನೆರಡು ವರ್ಷದ ಹಿಂದಿನ ಶಸ್ತ್ರಚಿಕಿತ್ಸೆಯ ನೆನಪು ಯಾರಿಗೂ ಬರುವುದಿಲ್ಲ.

ಕ್ಯಾನ್ಸರಿನ ಭಯದ ಬಗ್ಗೆ ಹೇಳುವುದಾದರೆ, ತಾಯಿಗೋ ಅಕ್ಕತಂಗಿಯರಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ವಿಚಾರ ಬೇರೆ, ಆಗ ವಂಶವಾಹಿ ಪರೀಕ್ಷೆಯ ಮಾತು ಬರುತ್ತದೆ. ಹಾಗಿಲ್ಲದಿದ್ದರೆ, ಅಪರೂಪದ ಕಾಯಿಲೆಯೊಂದರ ಭಯಕ್ಕೆ ಪ್ರತಿದಿನ ಕೆಲಸ ಮಾಡುತ್ತಿರುವ ಅಂಗವನ್ನು ಒಪ್ಪಿಸುವುದು ನ್ಯಾಯವಲ್ಲ. ಗರ್ಭಕೋಶ ತೆಗೆಯಲೇಬೇಕಾಗಿ ಬಂದರೂ ಅಂಡಾಶಯಗಳನ್ನು ಉಳಿಸಿ, ನಾಳಗಳನ್ನು ಮಾತ್ರ ತೆಗೆಯಬಹುದು. ಅಂಡಾಶಯದ ಕ್ಯಾನ್ಸರುಗಳಲ್ಲಿ ಅನೇಕವು ನಾಳದ ತುದಿಯಲ್ಲಿ ಆರಂಭವಾಗುತ್ತವೆ ಎಂದು ಈಗ ತಿಳಿದುಬಂದಿರುವುದರಿಂದ ಇದರಿಂದಲೇ ಅಪಾಯ ಸಾಕಷ್ಟು ತಗ್ಗುತ್ತದೆ. ಗರ್ಭಕೋಶ ಮಾತ್ರ ತೆಗೆದಾಗಲೂ ರಕ್ತಪೂರೈಕೆ ಕಡಿಮೆಯಾಗಿ ಅಂಡಾಶಯಗಳು ಕೆಲವರಲ್ಲಿ ತುಸು ಬೇಗ ಸೋಲಬಹುದು ಎಂಬುದನ್ನೂ ಹೇಳಿಬಿಡುತ್ತೇನೆ.

ಆದರೆ ನಿಮಗೆ ಗರ್ಭಕೋಶ ತೆಗೆಯುವ ಹಂತ ಬಂದಿದೆಯೇ ಎಂಬುದೇ ಪ್ರಶ್ನೆ. ರಕ್ತಸ್ರಾವದ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ಹಾರ್ಮೋನು ಗುಳಿಗೆಗಳು, ಗರ್ಭಕೋಶದೊಳಗಿಟ್ಟು ವರ್ಷಗಳ ಕಾಲ ಪ್ರೊಜೆಸ್ಟರಾನ್ ರೀತಿಯ ಹಾರ್ಮೋನನ್ನು ಅಲ್ಲಲ್ಲಿಗೇ ಬಿಡುವ ಸಾಧನ, ಇವುಗಳಲ್ಲಿ ಯಾವುದನ್ನಾದರೂ ನಿಮಗೆ ಕೊಟ್ಟು ನೋಡಿದ್ದಾರೆಯೇ? ಒಳಪದರದ ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಿದ್ದಾರೆಯೇ? ಗಡ್ಡೆ ಎಷ್ಟು ಸೆಂ.ಮೀ., ಗೋಡೆಯ ಹೊರಗಿದೆಯೋ ಒಳಗೆ ಚಾಚಿದೆಯೋ? ಗೋಡೆಯ ಹೊರಗಿನ ಸಣ್ಣ ಗಡ್ಡೆ ರಕ್ತಸ್ರಾವಕ್ಕೆ ಕಾರಣವೇ ಆಗಿರಲಿಕ್ಕಿಲ್ಲ. ಈ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ಉತ್ತರ ಸಿಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಇಲ್ಲವೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಪಡೆಯಿರಿ. 8.2 ಹಿಮೋಗ್ಲೋಬಿನ್ನಿಗೆ ಕಬ್ಬಿಣದ ಚಿಕಿತ್ಸೆ ಇಂದಿನಿಂದಲೇ ಆರಂಭವಾಗಬೇಕು, ಯಾವ ದಾರಿ ಹಿಡಿದರೂ ಅದು ಬೇಕು.

ಓಣಿಯ ನಾಲ್ಕೈದು ಮಂದಿಯ ಮಾತು ನನ್ನನ್ನು ಕಾಡುತ್ತಿದೆ. ನಿಮ್ಮ ಜಿಲ್ಲೆಯ ತಾಂಡಾಗಳಲ್ಲಿ ಎಳೆಯ ವಯಸ್ಸಿನ ಲಂಬಾಣಿ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆಯಲಾಗಿದೆ ಎಂಬ ದೂರುಗಳು ಸುಮಾರು ಹತ್ತು ವರ್ಷದ ಹಿಂದೆ ಸರ್ಕಾರದ ವಿಚಾರಣೆಯವರೆಗೆ ಹೋಗಿದ್ದವು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೊಳಿಸುವಂತೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶಿಸಿದೆ. ವಿವರಣೆ ಕೇಳುವುದು ನಿಮ್ಮ ಹಕ್ಕು, ವೈದ್ಯರಿಗೆ ಮಾಡುವ ಅವಮಾನವಲ್ಲ. ಓಣಿಯ ಆ ಹೆಣ್ಣುಮಕ್ಕಳಿಗೂ ಒಂದು ಮಾತು ತಲುಪಿಸಿ: ಡಿಸ್ಚಾರ್ಜ್ ಚೀಟಿ ಹುಡುಕಿ, ಅಂಡಾಶಯಗಳನ್ನೂ ತೆಗೆದಿದ್ದಾರೆಯೇ ಎಂದು ಯಾರಿಂದಾದರೂ ಓದಿಸಿಕೊಳ್ಳಲಿ. ತೆಗೆದಿದ್ದರೆ, ಅವರಿನ್ನೂ ನಲವತ್ತೈದರ ಒಳಗಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜನ್ ಚಿಕಿತ್ಸೆ ಬೇಕಾಗಬಹುದು. ಬೇಡವಾದ ಕಾರಣಗಳೇನಾದರೂ ಇವೆಯೇ ಎಂದು ವೈದ್ಯರು ನೋಡಿ ನಿರ್ಧರಿಸುತ್ತಾರೆ.

ಪ್ರಶ್ನೆ: ನನ್ನ ತಾಯಿಗೆ 63. ಅವರಿಗೆ 42ಕ್ಕೇ ಮುಟ್ಟು ನಿಂತಿತ್ತು. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಕೈ ಊರಿದ್ದಕ್ಕೇ ಮಣಿಕಟ್ಟು ಮುರಿಯಿತು. ಪದೇ ಪದೇ ಉರಿಮೂತ್ರವಾಗುತ್ತದೆ. ಈಗ ಎರಡು ದಿನ ಸ್ವಲ್ಪ ರಕ್ತ ಕಂಡಿತಂತೆ, ಉಷ್ಣವಾಗಿರಬೇಕು ಎನ್ನುತ್ತಾರೆ. ನನಗೀಗ 49, ರಾತ್ರಿ ಬೆವರಿ ಎದ್ದು ಕೂರುತ್ತೇನೆ. ಹಾರ್ಮೋನು ಚಿಕಿತ್ಸೆಯಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂದು ಓದಿದ್ದೇನೆ, ನಿಜವೇ?
– ಓದುಗರು, ಧಾರವಾಡ

ಉತ್ತರ: ನಿಮ್ಮದನ್ನು ಮೊದಲು ಮುಗಿಸುತ್ತೇನೆ. ಈಸ್ಟ್ರೋಜನ್ ಇಳಿದಾಗ ಮಿದುಳಿನಲ್ಲಿ ದೇಹದ ಉಷ್ಣತೆಯನ್ನು ಕಾಯುವ ಕೇಂದ್ರ ಅತಿ ಸೂಕ್ಷ್ಮವಾಗಿ, ತುಸು ಬಿಸಿಯಾದರೂ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರಿಸುತ್ತದೆ. ನೀವು ಓದಿದ ಭಯದ ಮೂಲ 2002ರಲ್ಲಿ ಅಮೆರಿಕದಲ್ಲಿ ನಡುವೆಯೇ ನಿಲ್ಲಿಸಿದ ದೊಡ್ಡ ಅಧ್ಯಯನ. ಅದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ರೀತಿಯ ಕೃತಕ ಹಾರ್ಮೋನು) ಎರಡನ್ನೂ ತೆಗೆದುಕೊಂಡ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 8 ಸ್ತನ ಕ್ಯಾನ್ಸರುಗಳು ಹೆಚ್ಚಾಗಿ ಕಂಡವು. ಅಪಾಯ ಸುಳ್ಳಲ್ಲ, ಆದರೆ ಜನ ಊಹಿಸಿಕೊಂಡಷ್ಟು ದೊಡ್ಡದಲ್ಲ. ಅಲ್ಲದೆ ಆ ಮಹಿಳೆಯರ ಸರಾಸರಿ ವಯಸ್ಸು 63, ಅಂದರೆ ನಿಮ್ಮ ತಾಯಿಯ ವಯಸ್ಸು. ಅರವತ್ತರ ಒಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸಿದರೆ, ಬಾಧೆ ತೀವ್ರವಾಗಿರುವವರಿಗೆ ಲಾಭವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಸ್ತನ ಕ್ಯಾನ್ಸರ್, ರಕ್ತನಾಳದಲ್ಲಿ ಹೆಪ್ಪು, ಯಕೃತ್ತಿನ ತೀವ್ರ ಕಾಯಿಲೆ ಇದ್ದವರಿಗೆ ಇದು ಬೇಡ. ಗರ್ಭಕೋಶವಿರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು. ತಾಯಿಗೆ ಬೇಗ ಮುಟ್ಟು ನಿಂತಿದ್ದೂ ಮೂಳೆ ಮುರಿದದ್ದೂ ನಿಮ್ಮ ಮೂಳೆಗಳ ವಿಷಯದಲ್ಲಿಯೂ ಲೆಕ್ಕಕ್ಕೆ ಬರುತ್ತದೆ, ಅದನ್ನು ನಿಮ್ಮ ವೈದ್ಯರಿಗೆ ಹೇಳಿ. ಮುಟ್ಟು ಪೂರ್ತಿ ನಿಂತು ವರ್ಷವಾಗುವವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇರುತ್ತದೆ ಎಂಬುದೂ ನೆನಪಿರಲಿ.

ತಾಯಿಯವರ ವಿಷಯದಲ್ಲಿ ರಕ್ತ ಕಂಡದ್ದೇ ಮೊದಲ ಕೆಲಸ. ಮುಟ್ಟು ನಿಂತ ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಉಷ್ಣವಲ್ಲ. ಹೆಚ್ಚಿನವರಲ್ಲಿ ಕಾರಣ ಪದರ ತೆಳುವಾದದ್ದೋ ಸಣ್ಣ ದುರ್ಮಾಂಸವೋ ಆಗಿರುತ್ತದೆ, ಆದರೆ ಸುಮಾರು ಶೇ. 9ರಷ್ಟು ಮಂದಿಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಬೇಗ ಕಂಡುಹಿಡಿದರೆ ಪೂರ್ತಿ ಗುಣವಾಗುವ ಕ್ಯಾನ್ಸರುಗಳಲ್ಲಿ ಅದೂ ಒಂದು. ಈ ವಾರದೊಳಗೆ ಸ್ತ್ರೀರೋಗ ತಜ್ಞರ ಬಳಿ ಕರೆದೊಯ್ದು, ಒಳಪದರದ ದಪ್ಪ ಅಳೆಯುವ ಸ್ಕ್ಯಾನಿಂಗ್, ಅಗತ್ಯವಿದ್ದರೆ ತುಣುಕು ಪರೀಕ್ಷೆ ಮಾಡಿಸಿ.

ಆಮೇಲೆ ಮೂಳೆ. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದರೆ ಅದು ಜಾರಿದ್ದರ ತಪ್ಪಲ್ಲ, ಮೂಳೆ ಟೊಳ್ಳಾಗಿದೆ ಎಂಬ ಎಚ್ಚರಿಕೆ. ಮುಂದಿನದು ಸೊಂಟದ ಮೂಳೆಯಾದರೆ ಮತ್ತೆ ಎದ್ದು ನಡೆಯುವುದು ಕಷ್ಟ. ಪ್ಲಾಸ್ಟರ್ ಬಿಚ್ಚಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯಿತೆಂದುಕೊಳ್ಳದೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಮೂಳೆ ಗಟ್ಟಿಮಾಡುವ ಔಷಧ ಆರಂಭಿಸುವ ಬಗ್ಗೆ ಕೇಳಿ. ಬಚ್ಚಲಿಗೆ ಹಿಡಿಕೆ ಹಾಕಿಸಿ, ನೆಲ ಒಣಗಿರಲಿ. ಮುಟ್ಟು 42ಕ್ಕೇ ನಿಂತದ್ದನ್ನು ಮೂಳೆ ವೈದ್ಯರು ತಾವಾಗಿ ಕೇಳದೇ ಇರಬಹುದು, ನೀವೇ ಹೇಳಿ. ಉಳಿದವರಿಗಿಂತ ಐದಾರು ವರ್ಷ ಮೊದಲೇ ಅವರ ಮೂಳೆಗಳು ಈಸ್ಟ್ರೋಜನ್ ಇಲ್ಲದೆ ಸವೆಯತೊಡಗಿವೆ.

ಉರಿಮೂತ್ರಕ್ಕೆ ಪ್ರತಿಸಲವೂ ಆ್ಯಂಟಿಬಯೋಟಿಕ್ ಕೊಡಿಸುತ್ತಿದ್ದೀರಿ ಎಂದು ಊಹಿಸುತ್ತೇನೆ. ಈಸ್ಟ್ರೋಜನ್ ಇಲ್ಲದೆ ಯೋನಿ ಮತ್ತು ಮೂತ್ರನಾಳದ ಪದರ ತೆಳುವಾಗಿ, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ ಸೋಂಕು ಮರುಕಳಿಸುತ್ತದೆ. ವಾರಕ್ಕೆರಡು ಬಾರಿ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮಿನಿಂದ ಇದು ಬಹಳ ಮಟ್ಟಿಗೆ ತಗ್ಗುತ್ತದೆ, ರಕ್ತಕ್ಕೆ ಸೇರುವ ಪ್ರಮಾಣ ತೀರ ಅಲ್ಪ. ಹೇಳಿಕೊಳ್ಳಲು ನಾಚಿ ಹಿರಿಯ ಹೆಣ್ಣುಮಕ್ಕಳು ಇದನ್ನು ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ, ತಾಯಿಯವರ ಪರವಾಗಿ ನೀವು ಕೇಳಿ. ಕ್ರೀಮನ್ನು ಮಾತ್ರ ರಕ್ತಸ್ರಾವದ ಪರೀಕ್ಷೆಗಳ ವರದಿ ಬಂದ ಮೇಲೆಯೇ ಆರಂಭಿಸಬೇಕು.